ಎರಡು ಗಂಟಿನ ಹಾಲಿನ ಕವರು

ನಾನು ಸೊಸೆಯಾಗಿ ಬಂದ ಬೆಟಗೇರಿ ಮನೆಯಲ್ಲಿ ಹಾಲಿಗಿಂತ ಹಾಲು ಬರುವ ಪಾತ್ರೆಯ ಮೇಲೆಯೇ ಅನುಮಾನ ಜಾಸ್ತಿ. ಗೌಳಿ ತರುತ್ತಿದ್ದ ಹಿತ್ತಾಳೆ ಕೊಡದೊಳಗೆ ಅತ್ತೆ ದಿನಾಲೂ ಬಗ್ಗಿ ನೋಡುವವರು. "ನೀರು ಹಾಕಿಲ್ಲಂತ ಆಣಿ ಮಾಡು" ಎನ್ನುವರು. ಅವನು ಗಂಟಲು ಮುಟ್ಟಿಕೊಂಡು ಆಣೆ ಮಾಡುವನು. ಅಷ್ಟು ಬೇಗ ಆಣೆ ಮಾಡಿದನೆಂದೇ ಇವರಿಗೆ ಮತ್ತಷ್ಟು ಸಂಶಯ.

ಒಮ್ಮೆ ಗದಗಿನ ಅಂಗಡಿಯಿಂದ ಗಾಜಿನ ಬಾಟ್ಲಿಯ ಹಾಲು ತರಿಸಿದೆವು. "ಈ ಬಾಟ್ಲಿಗೆ ಯಾರ್ಯಾರು ಬಾಯಿ ಹಚ್ಯಾರೋ ಯಾರಿಗೆ ಗೊತ್ತು? ಎಂಜಲಾ ಮನಿಯೊಳಗ ತರಬ್ಯಾಡ" ಎಂದು ಅತ್ತೆ ಅದನ್ನು ಹೊಸ್ತಿಲಾಚೆಯೇ ಇಡಿಸಿದರು. ನನಗೆ ಎಂಜಲಿನ ಚಿಂತೆ ಇರಲಿಲ್ಲ, ನೀರಿನದಿತ್ತು. ನಳದ ನೀರಿಗಾಗಿ ದಿನಗಟ್ಟಲೆ ಕಾಯುವ ಊರಿನಲ್ಲಿ ಬಾಟ್ಲಿ ತೊಳೆದು ವಾಪಸು ಕೊಡಬೇಕು! ಕುಡಿಯುವ ನೀರನ್ನೇ ಅದರೊಳಗೆ ಹಾಕಿ ಕುಲುಕುತ್ತ ಒಳಗೊಳಗೇ ಉರಿಯುತ್ತಿದ್ದೆ.

ಎಂಬತ್ತರ ದಶಕದಲ್ಲಿ ಪ್ಲಾಸ್ಟಿಕ್ ಕವರು ಬಂತು. ದಿನಾ ಹೊಸದು, ಯಾರ ಬಾಯಿಯೂ ತಾಗದ್ದು, ತೊಳೆಯುವ ಗೋಜಿಲ್ಲ. ಅತ್ತೆ ಸೊಸೆ ಒಂದೇ ಮಾತು ಆಡಿದ್ದು ಅದೊಂದೇ ಸಲ. ಗೌಳಿಯನ್ನು ಬಿಡಿಸಿದೆವು. ಅವನು ಕೊಡದ ಬಾಯಿ ಮುಚ್ಚುತ್ತ, "ಆಗಲ್ರಿ ಅಕ್ಕಾರ. ಆದ್ರ ಆ ಖಾಲಿ ಚೀಲ ಎಲ್ಲಿ ಒಗೀತೀರಿ?" ಅಂದ. ಇವನಿಗ್ಯಾಕೆ ಬೇಕು ಆ ಉಸಾಬರಿ ಅನ್ನಿಸಿತು.

ಎಲ್ಲಿ ಒಗೆಯುವುದು? ಅಡುಗೆಮನೆಯಿಂದ ಹೊರಬಿದ್ದದ್ದೆಲ್ಲ ನಮ್ಮಲ್ಲಿ ಹಿತ್ತಲ ತಿಪ್ಪೆಗೆ. ಬಾಳೆಲೆ, ಸಿಪ್ಪೆ, ಬೂದಿ ಎಲ್ಲ ಗೊಬ್ಬರವಾಗಿ ಕುರ್ತಕೋಟಿಯಲ್ಲಿದ್ದ ನಮ್ಮ ಹೊಲಕ್ಕೆ ಹೋಗುತ್ತಿತ್ತು. ಇದೂ ಕೊಳೆಯುತ್ತದೆಂದೇ ತಿಳಿದೆವು. ವಾಸನೆಗೆ ಬೆಕ್ಕು ಬರಬಾರದೆಂದು ನಾನು ಪ್ರತಿ ಕವರಿಗೂ ಬಿಗಿಯಾಗಿ ಎರಡು ಗಂಟು ಹಾಕಿ ಎಸೆಯುತ್ತಿದ್ದೆ.

ತಿಪ್ಪೆಯ ಪಕ್ಕದಲ್ಲೇ ನನ್ನ ಆಕಳು ಕಟ್ಟಿರುತ್ತಿತ್ತು. ಲಕ್ಷ್ಮೇಶ್ವರದ ನನ್ನ ತವರಿನಿಂದ ಕರುವಾಗಿ ಬಂದದ್ದು, ಈಗ ಚೊಚ್ಚಲ ಗಬ್ಬ. ಅದು ಈದರೆ ನಮಗೆ ಯಾರ ಹಾಲೂ ಬೇಕಿರಲಿಲ್ಲ. ದಿನ ತುಂಬುತ್ತಿರುವಾಗ ಅದು ಮೇವು ಬಿಟ್ಟಿತು. ಮೂರು ದಿನ ಮೆಲುಕು ಹಾಕಲಿಲ್ಲ, ಹೊಟ್ಟೆ ಉಬ್ಬಿತು. ನನ್ನ ಅನುಮಾನ ಸೀದಾ ಗೌಳಿಯ ಮೇಲೆ ಹೋಯಿತು. ಹಿತ್ತಲ ಗೋಡೆಯಾಚೆಯೇ ಅವನ ದಾರಿ. ಬಿಡಿಸಿದ ಸಿಟ್ಟಿಗೆ ಏನೋ ತಿನ್ನಿಸಿದ್ದಾನೆ, ಇನ್ನು ಬೇರೆ ಸಾಕ್ಷಿ ಯಾಕೆ ಬೇಕು?

ಓಣಿಯಲ್ಲೇ ಅವನನ್ನು ಅಡ್ಡಗಟ್ಟಿದೆ. "ಏನು ತಿನಿಸೀಯೋ ನನ್ನ ಆಕಳಿಗೆ? ಗಬ್ಬದ ಜೀವದ ಮ್ಯಾಲೆ ನಿನ್ನ ಸಿಟ್ಟಾ? ನಿನ್ನ ಕೈ ಸೇದಿಹೋಗ್ಲಿ!"

ಜನ ನೆರೆದರು. ಅವನು ಹಿತ್ತಲಿಗೆ ಬಂದು ಆಕಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ದನದ ಡಾಕ್ಟರನ್ನ ಕರಸ್ರಿ ಅಕ್ಕಾರ, ಜಲ್ದಿ" ಅಂದ.

ಡಾಕ್ಟರು ಬರುವಷ್ಟರಲ್ಲಿ ಆಕಳು ಸತ್ತಿತ್ತು, ಹೊಟ್ಟೆಯೊಳಗಿನ ಕರುವೂ. "ಹೊಟ್ಟಿ ಕೊಯ್ರಿ, ವಿಷ ಹಾಕಿದ್ದು ಹೊರಗ ಬರ್ಲಿ" ಎಂದು ಹಟ ಹಿಡಿದವಳು ನಾನೇ. ಕಾಲು ಹಿಡಿದುಕೊಳ್ಳಲು ಗೌಳಿಯೇ ನಿಂತ. ಡಾಕ್ಟರು ಹೊರಗೆಳೆದದ್ದು ಕವರುಗಳ ದೊಡ್ಡದೊಂದು ಉಂಡೆ. ಕರಗಿರಲಿಲ್ಲ, ಕೊಳೆತಿರಲಿಲ್ಲ. ಒಂದೊಂದಕ್ಕೂ ಎರಡೆರಡು ಗಂಟು ಹಾಗೇ ಇತ್ತು.

ಗೌಳಿ ಆ ಗಂಟು ನೋಡಿದ, ತಿಪ್ಪೆಯ ಮೇಲಿದ್ದ ಅಂಥವೇ ಗಂಟುಗಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಸತ್ತ ದನ ನೋಡಲಾರದೆ ಒಳಗೇ ಕುಳಿತಿದ್ದ ಅತ್ತೆ, "ಏನ್ ಸಿಕ್ತೋ?" ಎಂದು ಕೂಗಿದರು.

"ಮೇಯಾಕ ಬಿಟ್ಟಾಗ ಸಂತ್ಯಾಗಿನ ಕಸ ತಿಂದೈತ್ರಿ ಅವ್ವಾರ. ಮನ್ಯಾಗಿನವರದು ಏನೂ ತಪ್ಪಿಲ್ಲ" ಅಂದ ಗೌಳಿ.

ಡಾಕ್ಟರು ಕೈ ತೊಳೆಯಲು ನೀರು ಕೇಳಿದರು. ಖರೆ ಹೇಳಬೇಕಾದವಳು ನಾನು, ಸುಮ್ಮನೆ ತಂಬಿಗೆ ತರಲು ಹೋದೆ. ಇಷ್ಟು ವರ್ಷ ಅವನ ಒಂದು ಆಣೆಯನ್ನೂ ನಂಬದ ಅತ್ತೆ, ಆ ಸುಳ್ಳನ್ನು ಮಾತ್ರ ತಟ್ಟನೆ ನಂಬಿದರು.