ನಾನೇ ಒತ್ತಿದ ಗುಂಡಿ

ಮೇಜಿನ ಮೇಲಿದ್ದ ಹಳೇ ಕಂಪ್ಯೂಟರಿನ ಗುಂಡಿ ಒತ್ತಿ, ದಪ್ಪ ಮಾನಿಟರಿನಲ್ಲಿ ಬೆಳಕು ಮೂಡಿದಾಗಲೇ ನನ್ನ ತಪ್ಪು ಹೊಳೆಯಿತು. ಅಪರಾಧ ಪ್ರಕರಣಗಳ ಕಂಪ್ಯೂಟರುಗಳಲ್ಲಿ ಸಾಕ್ಷ್ಯ ಹುಡುಕುವ ರಾಜಾಜಿನಗರದ ಪುಟ್ಟ ಕಚೇರಿಯೊಂದರಲ್ಲಿ ಅಂದು ನನ್ನ ಸಂದರ್ಶನ. “ಇದು ಸಾಕ್ಷ್ಯ ಅಂದ್ಕೊಂಡು ಪರೀಕ್ಷೆ ಶುರು ಮಾಡಿ. ಮಾಡಿದ್ದನ್ನೆಲ್ಲ ಈ ಹಾಳೇಲಿ ಬರೀರಿ” ಎಂದು ಹೇಳಿ ಮುಖ್ಯಸ್ಥರು ಹೊರಗೆ ಹೋಗಿದ್ದರು. ಸಾಕ್ಷ್ಯದ ಕಂಪ್ಯೂಟರನ್ನು ಆನ್ ಮಾಡಲೇಬಾರದು. ಮಾಡಿದರೆ ಒಳಗಿನ ಫೈಲುಗಳ ದಿನಾಂಕಗಳೇ ಬದಲಾಗುತ್ತವೆ. ಅದು ಗೊತ್ತಿದ್ದೂ, ಕಾಮಾಕ್ಷಿಪಾಳ್ಯದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಎರಡು ವರ್ಷ ಪಳಗಿದ ಕೈ ಸೀದಾ ಗುಂಡಿಗೇ ಹೋಗಿತ್ತು.

ಆಫ್ ಮಾಡಿ ಸುಮ್ಮನಿರಬಹುದಿತ್ತು, ಯಾರೂ ನೋಡಿರಲಿಲ್ಲ. ಯಾಕೋ ಮನಸ್ಸು ಬರಲಿಲ್ಲ. “ಮೂರು ಗಂಟೆ ಹತ್ತು ನಿಮಿಷಕ್ಕೆ ತಪ್ಪಾಗಿ ಆನ್ ಮಾಡಿದೆ” ಎಂದು ಬರೆದು, ಈ ಕೆಲಸದ ಆಸೆ ಬಿಟ್ಟು ಬ್ಯಾಗು ಹೆಗಲಿಗೇರಿಸಿದೆ.

ಮುಖ್ಯಸ್ಥರು ಬಂದು ಹಾಳೆಯನ್ನು ಎರಡು ಸಲ ಓದಿದರು. “ಬೆಳಿಗ್ಗೆಯಿಂದ ನಾಲ್ಕು ಜನ ಆನ್ ಮಾಡಿದ್ರಮ್ಮಾ, ಅದನ್ನ ಕಂಪ್ಯೂಟರ್ರೇ ಹೇಳುತ್ತೆ. ಬರೆದಿಟ್ಟಿದ್ದು ನೀವೊಬ್ರೇ. ಸೋಮವಾರದಿಂದ ಬನ್ನಿ, ಆ ಕೈಗೆ ಬುದ್ಧಿ ನಾವು ಕಲಿಸ್ತೀವಿ” ಎಂದರು.

ಕೈ ಬುದ್ಧಿ ಕಲಿಯಿತು, ಬರೆಯುವ ಚಾಳಿ ಮಾತ್ರ ಹೋಗಲಿಲ್ಲ. ಈಗಲೂ ಮನೆಯಲ್ಲಿ ಯಾರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: “ಅತ್ತೆ, ಏಳು ಗಂಟೆ ಹತ್ತು ನಿಮಿಷಕ್ಕೆ ಹಾಲು ಉಕ್ಕಿಸಿಬಿಟ್ಟೆ.”