ಗಲೀನಾ ಪರೀಕ್ಷೆಗೆ ಹೋದ ದಿನ

ಪ್ರಿನ್ಸ್‌ಟನ್ ಜಂಕ್ಷನ್ನಿಗೆ ರೈಲು ಬರುವ ಬಹಳ ಮುಂಚೆಯೇ ನಾನು, ಹೆಲೆನ್ ಪ್ಲಾಟ್‌ಫಾರ್ಮಿನ ಮೇಲಿದ್ದೆವು. ಅಕ್ಟೋಬರ್ ತಿಂಗಳ ಕೊನೆ. ಕಾರು ನಿಲ್ಲಿಸುವ ಬಯಲಿನ ಅಂಚಿನ ಮರಗಳೆಲ್ಲ ಅರಿಶಿನ ಕುಂಕುಮ ಬಳಿದುಕೊಂಡಂತೆ ನಿಂತಿದ್ದವು. ಗಾಳಿ ಮಾತ್ರ ಕಿವಿ ಕೊಯ್ಯುವಷ್ಟು ತಣ್ಣಗಿತ್ತು. ಪ್ಲೇನ್ಸ್‌ಬರೋದಿಂದ ನಮ್ಮನ್ನು ಕಾರಿನಲ್ಲಿ ತಂದು ಬಿಟ್ಟವಳು ನನ್ನ ತಂಗಿ ಸುಧಾ. ಅವಳು ಇಲ್ಲಿ ಮಕ್ಕಳ ಡಾಕ್ಟರು. ಶಾಲೆಗೆ ಹೊರಟಿದ್ದ ಅವಳ ಮೊಮ್ಮಗಳು ಹಿಂದಿನ ಸೀಟಿನಲ್ಲಿದ್ದಳು.

"ಅಕ್ಕಾ, ಸಬ್‌ವೇದಾಗ ಸ್ಟ್ರೇಂಜರ್ಸ್ ಜೋಡಿ ಮಾತಾಡಬ್ಯಾಡ. ಇದು ಗದಗ ಬಸ್ ಸ್ಟ್ಯಾಂಡ್ ಅಲ್ಲ," ಎಂದಳು ಸುಧಾ, ನಮ್ಮನ್ನು ಇಳಿಸುವಾಗ.

"ಬಟ್ ಅಜ್ಜಿ, ಇಲ್ಲಿ ದೊಡ್ಡಜ್ಜಿನೇ ಸ್ಟ್ರೇಂಜರ್!" ಎಂದಳು ಹಿಂದಿನ ಸೀಟಿನಿಂದ ಹುಡುಗಿ.

ನಾನು ಗದಗಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದವಳು. ಸೀಟಿ ಕೊರಳಿನಿಂದ ಇಳಿದು ಹತ್ತು ವರ್ಷ ದಾಟಿದರೂ ಬೆಳಗಿನ ನಡಿಗೆ ಬಿಟ್ಟಿಲ್ಲ. ಈ ಸಲ ತಂಗಿಯ ಮನೆಯಲ್ಲಿ ಆರು ತಿಂಗಳಿದ್ದಾಗಲೂ ಬಿಡಲಿಲ್ಲ. ಆ ನಡಿಗೆಯಲ್ಲಿಯೇ ನನಗೆ ಹೆಲೆನ್ ಸಿಕ್ಕಿದ್ದು. ಅದೇ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಮಗಳೊಂದಿಗೆ ವಾಸವಾಗಿರುವ, ಎಪ್ಪತ್ತೈದರ ಆಸುಪಾಸಿನ ಇಂಗ್ಲೆಂಡಿನ ಹೆಂಗಸು. ರಷ್ಯಾದಲ್ಲಿ ಹತ್ತೊಂಬತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಅಂದು ನಾವು ಹೊರಟಿದ್ದು ಅವರ ಒಬ್ಬ ಹಳೆಯ ವಿದ್ಯಾರ್ಥಿನಿಗಾಗಿ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಬ್ರೈಟನ್ ಬೀಚಿನಲ್ಲಿರುವ ಗಲೀನಾ ಎಂಬಾಕೆಗೆ ಅಂದು ಮಧ್ಯಾಹ್ನ ಅಮೆರಿಕದ ಪೌರತ್ವದ ಸಂದರ್ಶನವಿತ್ತು. ಇಂಗ್ಲಿಷಿನಲ್ಲಿ ಮಾತಾಡಿ, ದೇಶದ ಬಗೆಗಿನ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಮೊದಲ ಸಲ ಆಕೆ ಬಾಯಿಯೇ ತೆರೆಯದೆ ಫೇಲಾಗಿದ್ದರು. ಇದು ಎರಡನೆಯ ಅವಕಾಶ. ಇದೂ ಹೋದರೆ ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಕಾಯುವಿಕೆ. ಹೆಲೆನ್‌ಗೆ ಮಂಡಿನೋವು, ನೆಲದಡಿಯ ರೈಲಿನ, ಅಂದರೆ ಸಬ್‌ವೇಯ, ಮೆಟ್ಟಿಲು ಕಷ್ಟ. "ನೀವು ಜೊತೆಗೆ ಬಂದ್ರೆ ನನಗೆ ಧೈರ್ಯ," ಎಂದಿದ್ದರು. ನಾನು ಮರುಮಾತಿಲ್ಲದೆ ಒಪ್ಪಿದೆ.

ನ್ಯೂಯಾರ್ಕಿಗೆ ಒಂದು ಗಂಟೆಯ ಮೇಲಿನ ಹಾದಿ. ಹಿರಿಯರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ. ಬೋಗಿಯ ತುಂಬ ಲ್ಯಾಪ್‌ಟಾಪ್ ತೆರೆದು ಕೂತ ಜನ. ಅರ್ಧದಷ್ಟು ಮುಖಗಳು ನಮ್ಮ ಕಡೆಯವು. ಯಾರೂ ಮಾತಾಡುತ್ತಿರಲಿಲ್ಲವಾದ್ದರಿಂದ ಹೆಲೆನ್ ದನಿ ತಗ್ಗಿಸಿ ರಷ್ಯಾದ ದಿನಗಳನ್ನು ಹೇಳಿದರು.

ವೋಲ್ಗಾ ನದಿಯ ದಡದ ಊರು. ಒಂದೇ ವರ್ಷಕ್ಕೆಂದು ಹೋಗಿದ್ದರಂತೆ. ಶಾಲೆಯ ಬಾಗಿಲಲ್ಲಿ ಕೋಟುಗಳನ್ನು ಇಸಿದುಕೊಳ್ಳುವ ಅಜ್ಜಿಯೊಬ್ಬಳಿದ್ದಳು. ಹೆಲೆನ್ನರ ಇಂಗ್ಲೆಂಡಿನ ಕೋಟಿಗೆ ಕೊಕ್ಕೆಗೆ ಸಿಕ್ಕಿಸುವ ಕುಣಿಕೆಯಿರಲಿಲ್ಲ. ಅಜ್ಜಿ ಮೊದಲ ದಿನ ಬೈದಳು, ಎರಡನೆಯ ದಿನವೂ ಬೈದಳು, ಮೂರನೆಯ ದಿನ ಸೂಜಿದಾರ ತಂದು ತಾನೇ ಹೊಲಿದಳು. ಟೋಪಿಯಿಲ್ಲದೆ ಬೀದಿಗಿಳಿದರೆ ಗುರುತು ಪರಿಚಯವಿಲ್ಲದ ಹೆಂಗಸರು ತಡೆದು ನಿಲ್ಲಿಸಿ ಗದರುತ್ತಿದ್ದರು. ಶಾಲೆಯೊಳಗೆ ಹಾಕಿಕೊಳ್ಳುವ ಚಪ್ಪಲಿ ಬೇರೆ, ಹೊರಗಿನ ಬೂಟು ಬೇರೆ. ಬೇಸಿಗೆಯಲ್ಲಿ ಕೊಳವೆ ರಿಪೇರಿಗೆಂದು ಊರಿಗೆ ಊರೇ ವಾರಗಟ್ಟಲೆ ಬಿಸಿನೀರು ಬಂದ್. ಆಗ ಕೆಟಲಿನಲ್ಲಿ ಕಾಯಿಸಿ, ಬಕೆಟ್ಟಿಗೆ ಬೆರೆಸಿ, ಮಗ್ಗಿನಿಂದ ಸುರಿದುಕೊಳ್ಳುವುದು.

"ಅದರಲ್ಲಿ ಕಷ್ಟ ಏನಿದೆ? ನಮ್ಮದು ದಿನಾ ಅದೇ ಸ್ನಾನ," ಎಂದೆ.

ಹೆಲೆನ್ ನಕ್ಕರು. "ಪ್ರತಿ ಜೂನ್‌ನಲ್ಲಿ ಸಾಕಪ್ಪ, ವಾಪಸ್ ಹೋಗ್ತೀನಿ ಅಂತ ಡಿಸೈಡ್ ಮಾಡ್ತಿದ್ದೆ. ಸೆಪ್ಟೆಂಬರ್ ಒಂದಕ್ಕೆ ಶಾಲೆ ಶುರು. ಪ್ರತಿ ಮಗೂನೂ ಒಂದು ಹೂಗುಚ್ಛ ಹಿಡ್ಕೊಂಡು ಬರೋದು. ಇಡೋಕೆ ಜಾಗ ಇಲ್ದೆ ಸ್ನಾನದ ತೊಟ್ಟಿ ತುಂಬ ಹೂ. ಅಷ್ಟು ಹೂ ಕೊಟ್ಟವರನ್ನ ಬಿಟ್ಟು ಹೇಗೆ ಹೋಗೋದು?"

ಗಲೀನಾ ಅದೇ ಶಾಲೆಯ ರಸಾಯನಶಾಸ್ತ್ರದ ಶಿಕ್ಷಕಿ. ಮಕ್ಕಳಿಗೆ ಸಿಂಹಸ್ವಪ್ನ. ಹೆಲೆನ್ ಸಂಜೆ ನಡೆಸುತ್ತಿದ್ದ ದೊಡ್ಡವರ ತರಗತಿಗೆ ತಾವೇ ವಿದ್ಯಾರ್ಥಿನಿಯಾಗಿ ಬಂದು ಕೂತಿದ್ದರು. "ಹಿಮ ಬೀಳ್ಲಿ, ಜ್ವರ ಬರ್ಲಿ, ಒಂದು ಕ್ಲಾಸೂ ತಪ್ಪಿಸಲಿಲ್ಲ. ಜೀವನದಲ್ಲಿ ಯಾವ ಪರೀಕ್ಷೇಲೂ ಫೇಲಾದವಳಲ್ಲ. ಮಗಳ ಹತ್ರ ಇರೋಕೆ ಅಂತ ಇಲ್ಲಿಗೆ ಬಂದು ಫೇಲಾದ್ಲು. ಅವತ್ತಿಂದ ಡಾಕ್ಟರ ಹತ್ರ ಹೋದ್ರೂ ಇವಳ ಪರವಾಗಿ ಮಗಳೇ ಮಾತಾಡ್ಬೇಕು. ಇವತ್ತೂ ಆಗದಿದ್ರೆ ಇಂಗ್ಲಿಷನ್ನೇ ಬಿಟ್ಟುಬಿಡ್ತಾಳೆ. ನಾನು ಕಲಿಸಿದ್ದು ಅದು," ಎಂದರು.

ನ್ಯೂಯಾರ್ಕಿನ ನೆಲದಡಿಯ ನಿಲ್ದಾಣದಿಂದ ಮೇಲೆ ಬಂದರೆ ನನ್ನ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ವಾಲಿತು. ಕಟ್ಟಡಗಳ ತುದಿ ಮೋಡದಲ್ಲಿತ್ತು. ಇಷ್ಟು ಜನ ಇಷ್ಟು ಬೇಗ ನಡೆಯುತ್ತಿದ್ದರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದಿಲ್ಲ! ಕವಾಯತಿನಲ್ಲಿ ನೂರು ಹುಡುಗಿಯರನ್ನು ಸಾಲು ತಪ್ಪದಂತೆ ನಡೆಸಲು ನಾನು ಪಟ್ಟ ಪಾಡು ನೆನೆದು ಅಲ್ಲಿಯೇ ಕೈಮುಗಿಯಬೇಕೆನಿಸಿತು. ಒಂದು ದೊಡ್ಡ ರಸ್ತೆಯಷ್ಟು ದೂರ ನಡೆದು ಕ್ಯೂ ಅಕ್ಷರದ ಸಬ್‌ವೇ ಹತ್ತಿದೆವು. ಸುಮಾರು ಮೂರು ಡಾಲರಿನ ಆ ಟಿಕೆಟ್ಟು ಸಮುದ್ರದವರೆಗೂ ಕರೆದೊಯ್ಯುತ್ತದೆ.

ಬ್ರೈಟನ್ ಬೀಚಿನಲ್ಲಿ ರೈಲು ಬೀದಿಯ ಮೇಲೆ, ಕಬ್ಬಿಣದ ಕಂಬಗಳ ಮೇಲೆ ಓಡುತ್ತದೆ. ಕೆಳಗೆ ಅಂಗಡಿಗಳ ಹಲಗೆಗಳೆಲ್ಲ ರಷ್ಯನ್ ಅಕ್ಷರಗಳಲ್ಲಿ. ಹೆಲೆನ್ನರ ಕುಂಟು ನಡಿಗೆಗೂ ಅಲ್ಲಿ ಚುರುಕು ಬಂತು. ಎಲೆಕೋಸು ತುಂಬಿದ ಬಿಸಿ ಬನ್ನುಗಳನ್ನು ಕೊಂಡರು. ಅಂಗಡಿಯಾಕೆಯ ಜೊತೆ ಅವರು ರಷ್ಯನ್ನಿನಲ್ಲಿ ಜಗಳವಾಡುತ್ತಿದ್ದಾರೆಂದು ನಾನು ಗಾಬರಿಯಾದೆ. "ಇಲ್ಲ, ಇಲ್ಲ. ಟೋಪಿ ಯಾಕೆ ಹಾಕಿಲ್ಲ ಅಂತ ಬೈದ್ಲು. ಮನೆಗೆ ಬಂದ ಹಾಗಾಯ್ತು," ಎಂದರು.

ಆರನೆಯ ಮಹಡಿಯ ಬಾಗಿಲನ್ನು ತೆರೆದವರು ಗಲೀನಾ. ಎತ್ತರದ ನೇರ ಮೈಕಟ್ಟು, ಬಿಗಿಯಾಗಿ ಎಳೆದು ಕಟ್ಟಿದ ಬಿಳಿಗೂದಲು, ಬೂದುಬಣ್ಣದ ಲಂಗ, ಇಸ್ತ್ರಿಯ ಬಿಳಿ ಅಂಗಿ. ನನ್ನನ್ನು ನೋಡಿದ್ದೇ, "ನಮಸ್ಕಾರ. ದಯವಿಟ್ಟು ಒಳಗೆ ಬನ್ನಿ. ನೀವು ಭಾರತದಿಂದ ಬಂದಿರುವ ವ್ಯಾಯಾಮ ಶಿಕ್ಷಕಿಯಾಗಿದ್ದೀರಿ," ಎಂದು ಅಚ್ಚುಕಟ್ಟಾದ ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಹೇಳಿದರು. ಬಾಯಿ ಬರುವುದಿಲ್ಲವೆಂದು ಕೇಳಿದ್ದೆನಲ್ಲ, ಇದೇನು ಎಂದುಕೊಂಡೆ.

ಮೇಜಿಗೆ ಕೂತೆವು. ನಿಂಬೆಯ ಹೋಳು ಹಾಕಿದ ಚಹಾ, ಚಮಚದಲ್ಲಿಯೇ ತಿನ್ನುವ ಚೆರಿ ಜಾಮು, ನಾನು ಒಯ್ದಿದ್ದ ಹಚ್ಚಿದ ಅವಲಕ್ಕಿ. ಕಿಟಕಿಯ ತುಂಬ ಸಮುದ್ರ. ನಾನು ಮಲ್ಪೆ, ಕಾರವಾರ ನೋಡಿದವಳು. ಆದರೂ ಆ ಸೀಸದ ಬಣ್ಣದ ನೀರನ್ನು ನೋಡಿ ಕೈಯಲ್ಲಿದ್ದ ಬಟ್ಟಲು ಮರೆತೆ. ಹೆಲೆನ್ ತಾಲೀಮು ಶುರುಮಾಡಿದರು.

"ಅಮೆರಿಕದ ಪೂರ್ವ ತೀರದಲ್ಲಿ ಯಾವ ಸಾಗರ ಇದೆ?"

ಗಲೀನಾ ಚಹಾ ನೋಡಿದರು. ಕಿಟಕಿ ನೋಡಿದರು. ಆ ಸಾಗರ ಅಲ್ಲೇ ಕೆಳಗೆ ಮೊರೆಯುತ್ತಿತ್ತು. ತುಟಿ ಅಲುಗಿತು, ದನಿ ಬರಲಿಲ್ಲ. ಮುಖ ಕೆಂಪಾಯಿತು.

"ಪರವಾಗಿಲ್ಲ, ಭಯ ಅಷ್ಟೆ," ಎಂದು ಹೆಲೆನ್ ಅವರ ಕೈ ತಟ್ಟಿದರು.

ಹೊರಡುವಾಗ ಕೋಟು, ಟೋಪಿ ಎಲ್ಲ ಹಾಕಿಕೊಂಡಾದ ಮೇಲೆ ಇಬ್ಬರೂ ಬಾಗಿಲ ಬಳಿಯ ಬೆಂಚಿನ ಮೇಲೆ ಸುಮ್ಮನೆ ಕೂತುಬಿಟ್ಟರು. ನನಗೂ ಕೂರಲು ಸನ್ನೆ ಮಾಡಿದರು. ಪ್ರಯಾಣಕ್ಕೆ ಮುಂಚೆ ಒಂದು ಗಳಿಗೆ ಮೌನವಾಗಿ ಕೂರುವುದು ರಷ್ಯನ್ನರ ಪದ್ಧತಿಯಂತೆ. ನಮ್ಮಲ್ಲಿ ಒಂಟಿ ಸೀನು ಬಂದರೆ ಕೂತು ನೀರು ಕುಡಿದು ಹೊರಡುತ್ತೇವೆ. ಇವರು ಸೀನಿಲ್ಲದೆಯೂ ಕೂರುತ್ತಾರೆ. ಗಡಿಯಾರ ನೋಡುತ್ತ ನಾನೂ ಕೂತೆ.

ಸಂದರ್ಶನದ ಕಚೇರಿಯಿದ್ದ ಮ್ಯಾನ್ಹಾಟನ್ನಿನತ್ತ ಮರಳುವ ರೈಲು ಕಿಕ್ಕಿರಿದಿತ್ತು. ಹೆಲೆನ್‌ಗೆ ಯಾರೋ ಜಾಗ ಕೊಟ್ಟರು. ನಾನು, ಗಲೀನಾ ಕಂಬ ಹಿಡಿದು ನಿಂತೆವು. ರೈಲು ಮ್ಯಾನ್ಹಾಟನ್ ಸೇತುವೆ ಏರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ನಾನು ಸುಮ್ಮನಿರಲಾರದೆ, "ನಿಮ್ಮ ಶಾಲೆಯಲ್ಲಿ ಆಟದ ಬಯಲು ಇತ್ತಾ?" ಎಂದು ಕೇಳಿದೆ.

"ಹೌದು. ನಮ್ಮ ಶಾಲೆಯ ಹಿಂದೆ ದೊಡ್ಡ ಬಯಲಿತ್ತು. ಚಳಿಗಾಲದಲ್ಲಿ ನಾವು ಅದಕ್ಕೆ ನೀರು ಹಾಯಿಸುತ್ತಿದ್ದೆವು. ನೀರು ಹೆಪ್ಪುಗಟ್ಟಿದ ಮೇಲೆ ಮಕ್ಕಳು ಅದರ ಮೇಲೆ ಜಾರುತ್ತಿದ್ದರು. ನಾನೂ ಜಾರುತ್ತಿದ್ದೆ, ಆದರೆ ಮಕ್ಕಳು ಮನೆಗೆ ಹೋದ ಮೇಲೆ," ಎಂದರು ಗಲೀನಾ. ಒಂದು ತಪ್ಪಿಲ್ಲ, ಒಂದು ತೊದಲಿಲ್ಲ. ಅಷ್ಟರಲ್ಲಿ ಒಂದು ನಿಲ್ದಾಣ ಬಂತು, ಪಕ್ಕದ ಸೀಟು ಖಾಲಿಯಾಯಿತು. ಅವರು ಕೂತರು. "ಆಮೇಲೆ?" ಎಂದು ಕೇಳಿದೆ. ಬರಿದೇ ನಕ್ಕರು. ಮತ್ತೆ ಕೇಳಿದೆ. ತಲೆಯಾಡಿಸಿದರು.

ನಾನು ಬದುಕಿಡೀ ಮಕ್ಕಳ ನಿಲುವು ನೋಡಿದವಳು. ಹೆಗಲು ಎಲ್ಲಿ ಬಾಗುತ್ತದೆ, ಉಸಿರು ಎಲ್ಲಿ ಕಟ್ಟುತ್ತದೆ ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ. ಬಾಗಿಲಲ್ಲಿ ನಿಂತಾಗ ಮಾತು ಬಂತು. ಮೇಜಿಗೆ ಕೂತಾಗ ಹೋಯಿತು. ಕಂಬ ಹಿಡಿದು ನಿಂತಾಗ ಬಂತು. ಈಗ ಮತ್ತೆ ಹೋಯಿತು.

"ಹೆಲೆನ್, ಇವರನ್ನು ಎಬ್ಬಿಸಿ ಪ್ರಶ್ನೆ ಕೇಳಿ," ಎಂದೆ.

"ಏನು?"

"ಎಬ್ಬಿಸಿ ಕೇಳಿ."

ಹೆಲೆನ್ ಕಕ್ಕಾಬಿಕ್ಕಿಯಾಗಿ ಗಲೀನಾರತ್ತ ನೋಡಿ ಕೈಯೆತ್ತಿದರು. ಗಲೀನಾ ತಟ್ಟನೆ ಎದ್ದು, ಹಿಮ್ಮಡಿ ಜೋಡಿಸಿ ನಿಂತರು.

"ಪೂರ್ವ ತೀರದಲ್ಲಿ ಯಾವ ಸಾಗರ ಇದೆ?"

"ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ತೀರದಲ್ಲಿ ಅಟ್ಲಾಂಟಿಕ್ ಸಾಗರವಿದೆ!"

ಇಡೀ ಬೋಗಿ ತಿರುಗಿ ನೋಡಿತು. ಸಿಮೆಂಟಿನ ಕಲೆಯ ಬೂಟು ಹಾಕಿದ್ದ ದಪ್ಪನೆಯ ಆಸಾಮಿಯೊಬ್ಬ, "ಯೆಸ್ ಮ್ಯಾಮ್, ಇಟ್ ಶ್ಯೂರ್ ಈಸ್!" ಎಂದು ಹೆಬ್ಬೆರಳೆತ್ತಿದ. ಹೆಲೆನ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

"ಅಯ್ಯೋ ದೇವರೇ," ಎಂದರು. "ನಾನು ರಷ್ಯಾದ ಆ ಶಾಲೆಗೆ ಹೋದ ಮೊದಲ ದಿನ ಇಡೀ ಕ್ಲಾಸ್ ಎದ್ದು ನಿಂತಿತು. ಕೂತ್ಕೊಳ್ಳಿ ಅಂದೆ, ಕೂತ್ರು. ಪ್ರಶ್ನೆ ಕೇಳಿದೆ, ಉತ್ತರ ಹೇಳೋನು ಎದ್ದ. ಬೇಡ ಕೂತೇ ಹೇಳು ಅಂದ್ರೆ ಅವನಿಗೆ ಮಾತೇ ಇಲ್ಲ. ಮೂರು ತಿಂಗಳು ಹೋರಾಡಿ ನಾನೇ ಸೋತೆ. ಗಲೀನಾ ನನ್ನ ಕ್ಲಾಸಲ್ಲಿ ಒಂದು ಇಂಗ್ಲಿಷ್ ವಾಕ್ಯಾನೂ ಕೂತು ಹೇಳಿದವಳಲ್ಲ."

ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮ ಹುಡುಗಿಯರೂ ಮಗ್ಗಿಯನ್ನು ನಿಂತೇ ಹೇಳಿದವರು. ಗಲೀನಾರಿಗೆ ಹೇಳಿದೆ: "ಅಧಿಕಾರಿ ಮೊದಲು ನಿಜ ಹೇಳ್ತೀನಿ ಅಂತ ಪ್ರಮಾಣ ಮಾಡಿಸೋದು ಎಬ್ಬಿಸಿ ನಿಲ್ಲಿಸಿಯೇ ಅಂತಾರೆ. ಆಮೇಲೆ ಕೂರಬೇಡಿ. ಹಾಗೇ ನಿಂತು ಅಪ್ಪಣೆ ಕೇಳಿ."

ಹೆಲೆನ್ ಹೆದರಿದರು. "ಸರ್ಕಾರಿ ಆಫೀಸು. ಕೂತಿರೋ ಆಫೀಸರ್ ಮುಂದೆ ಹೀಗೆ ಎತ್ತರಕ್ಕೆ ನಿಂತ್ರೆ ಸೆಕ್ಯೂರಿಟಿ ಕರೆದ್ರೆ? ಕೂರಲ್ಲ ಅಂದ್ರೆ ಮೊಂಡುತನ ಅಂದ್ಕೊಂಡ್ರೆ?"

"ಕೂತ್ರೆ ಖಂಡಿತ ಸೋಲು," ಎಂದೆ. ಗಲೀನಾ ನಮ್ಮಿಬ್ಬರನ್ನೂ ನೋಡಿದರು. ಸೀಟು ಖಾಲಿಯಿದ್ದರೂ ಮತ್ತೆ ಕೂರಲಿಲ್ಲ.

ರೈಲು ಸೇತುವೆಯ ಮೇಲೆ ಬಂತು. ಕತ್ತಲಿನಿಂದ ಒಮ್ಮೆಗೇ ಬೆಳಕಿಗೆ. ಕೆಳಗೆ ನದಿ, ದೋಣಿಗಳು, ಆಚೆಗೆ ಗಾಜಿನ ಗೋಪುರಗಳ ಕಾಡು, ಕಿಟಕಿಗಳಿಗೆ ಅಡ್ಡಲಾಗಿ ಉಕ್ಕಿನ ತೊಲೆಗಳು ಸರಸರ ಹಾಯುತ್ತಿದ್ದವು. ನೀರಿನ ಮೇಲೆ ಇಷ್ಟು ಎತ್ತರದಲ್ಲಿ ರೈಲನ್ನು ತೂಗುಹಾಕಿದ ಮನುಷ್ಯರ ಎದೆಗಾರಿಕೆ ಎಂಥದು! ಬೋಗಿಯಲ್ಲಿ ಉಳಿದವರು ಫೋನು ನೋಡುತ್ತಿದ್ದರು. ನೋಡಿದವರು ನಾವು ಮೂವರು ಮುದುಕಿಯರೇ.

ಕೆನಾಲ್ ಸ್ಟ್ರೀಟಿನಲ್ಲಿ ಇಳಿದು, ಮೀನು ಹಣ್ಣು ಹರವಿಕೊಂಡ ಚೀನೀ ಅಂಗಡಿಗಳನ್ನು ದಾಟಿ ಸರ್ಕಾರಿ ಕಟ್ಟಡಕ್ಕೆ ನಡೆದೆವು. ಬಾಗಿಲಲ್ಲಿ ಜಗತ್ತಿನ ಎಲ್ಲ ಬಣ್ಣದ ಜನ, ಎಲ್ಲರ ಮೈಮೇಲೂ ಪೆಟ್ಟಿಗೆಯ ತಳದಿಂದ ತೆಗೆದ ಒಳ್ಳೆಯ ಬಟ್ಟೆ. ಗಲೀನಾ ಒಬ್ಬರೇ ಒಳಗೆ ಹೋದರು. ನಾವು ಎದುರಿನ ಚಿಕ್ಕ ಉದ್ಯಾನದಲ್ಲಿ ಕೂತೆವು. ಹೆಲೆನ್ ಬನ್ನು ಮುಟ್ಟಲಿಲ್ಲ. ನನಗೆ ಕೂರಲಾಗದೆ ಉದ್ಯಾನವನ್ನು ಸುತ್ತತೊಡಗಿದೆ. ನಾನು ಕೊಟ್ಟ ಸಲಹೆ ಈಗ ನನ್ನನ್ನೇ ತಿನ್ನುತ್ತಿತ್ತು. ಸುಧಾ ಫೋನು ಮಾಡಿದಳು.

"ಏನಾತು ಅಕ್ಕಾ?"

"ಒಳಗ ಹೋಗ್ಯಾರ. ನಿಂತೇ ಮಾತಾಡ್ರಿ ಅಂತ ಹೇಳಿ ಕಳಿಸೀನಿ."

"ಅಯ್ಯ, ಫೆಡರಲ್ ಆಫೀಸಿನ್ಯಾಗೂ ನಿನ್ನ ಡ್ರಿಲ್ಲೇನು?" ಎಂದಳು.

ಹೊರಬಂದಾಗ ಗಲೀನಾರ ಟೋಪಿ ಕೈಯಲ್ಲಿತ್ತು. ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ರಸ್ತೆ ದಾಟಿ ನೇರವಾಗಿ ಬಂದು ನಮ್ಮ ಬೆಂಚಿನ ಎದುರು ನಿಂತರು. ಏನಾಯಿತೆಂದು ನಾನೇ ಕೇಳಿದೆ.

"ಅಧಿಕಾರಿ ನನ್ನಿಂದ ಪ್ರಮಾಣ ಮಾಡಿಸಿದರು. ಅನಂತರ ಕುಳಿತುಕೊಳ್ಳಿ ಎಂದರು," ಎಂದು ಗಲೀನಾ ವರದಿ ಒಪ್ಪಿಸತೊಡಗಿದರು. "ಸರ್, ನಾನು ಶಿಕ್ಷಕಿ, ನನಗೆ ನಿಂತು ಉತ್ತರಿಸಲು ಅನುಮತಿ ಕೊಡಿ ಎಂದೆ. ಬೆನ್ನು ನೋವೇ ಎಂದು ಕೇಳಿದರು. ಇಲ್ಲ ಸರ್, ಅಭ್ಯಾಸ ಎಂದೆ. ಹಾಗಾದರೆ ಆ ಗೋಡೆಯ ಹತ್ತಿರ ನಿಲ್ಲಿ, ನನಗೆ ಕತ್ತು ನೋಯುತ್ತದೆ ಎಂದರು. ಗೋಡೆಯ ಹತ್ತಿರ ಬಾವುಟವಿತ್ತು. ನಾನು ಬಾವುಟದ ಪಕ್ಕದಲ್ಲಿ ನಿಂತೆ. ಅವರು ಪ್ರಶ್ನೆ ಕೇಳಿದರು. ನಾನು ಉತ್ತರಿಸಿದೆ."

"ಎಲ್ಲಕ್ಕೂ?" ಎಂದರು ಹೆಲೆನ್, ಪಿಸುದನಿಯಲ್ಲಿ.

"ಎಲ್ಲಕ್ಕೂ. ನಾನು ಉತ್ತೀರ್ಣಳಾಗಿದ್ದೇನೆ."

ಹೆಲೆನ್ ಕಣ್ಣೊರೆಸಿಕೊಳ್ಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಮೇಷ್ಟರ ದನಿಯಲ್ಲಿ ರಷ್ಯನ್ನಿನ ಎರಡೇ ಪದ ಹೇಳಿದರು. ಅರ್ಥವನ್ನು ನನಗೆ ಆಮೇಲೆ ಬಿಡಿಸಿದರು: "ಕೂತ್ಕೋ. ಐದು." ಆ ದೇಶದ ಶಾಲೆಗಳಲ್ಲಿ ಐದಕ್ಕಿಂತ ಮೇಲಿನ ಅಂಕವಿಲ್ಲ.

ಗಲೀನಾ ಕೂತರು. ಕೂತದ್ದೇ ಇಂಗ್ಲಿಷು ಹೋಯಿತು, ಅಳು ಬಂತು. ಇಬ್ಬರೂ ರಷ್ಯನ್ನಿನಲ್ಲಿ ಏನೇನೋ ಹೇಳಿಕೊಂಡು ಅಳುತ್ತಾ ನಗುತ್ತಾ ಇದ್ದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ. ತಣ್ಣಗಾದ ಬನ್ನುಗಳನ್ನು ಹಂಚಿದೆ. ಮೂವರೂ ತಿಂದೆವು.

ಕೆನಾಲ್ ಸ್ಟ್ರೀಟಿನ ನಿಲ್ದಾಣದಲ್ಲಿ ನಮ್ಮ ದಾರಿಗಳು ಬೇರೆಯಾದವು. ಗಲೀನಾ ಬ್ರೂಕ್ಲಿನ್ನಿನ ಕಡೆಗೆ, ನಾವು ಪ್ರಿನ್ಸ್‌ಟನ್ ರೈಲು ಹಿಡಿಯುವ ನಿಲ್ದಾಣದ ಕಡೆಗೆ. ಹಳಿಗಳಾಚೆಯ ಪ್ಲಾಟ್‌ಫಾರ್ಮಿಗೆ ಅವರ ರೈಲು ಮೊದಲು ಬಂತು. ಕಂಬಗಳ ಸಂದಿಯಿಂದ ನೋಡಿದೆವು. ಬೋಗಿಯಲ್ಲಿ ಬೇಕಾದಷ್ಟು ಸೀಟುಗಳು ಖಾಲಿಯಿದ್ದವು. ಗಲೀನಾ ನಿಂತಿದ್ದರು. ಎದುರಿಗೆ ಕೂತಿದ್ದ, ಮಗುವನ್ನೆತ್ತಿಕೊಂಡ ಹೆಂಗಸಿಗೆ ಏನನ್ನೋ ಹೇಳುತ್ತಿದ್ದರು. ಆಕೆ ತಲೆಯೆತ್ತಿ ಕೇಳುತ್ತಿದ್ದಳು. ರೈಲು ಸುರಂಗದೊಳಗೆ ಹೋಗುವವರೆಗೂ ಅವರ ಮಾತು ನಿಂತಿರಲಿಲ್ಲ.