ಎತ್ತಿನಗಾಡಿಗೆ ಎರಡು ಅಂಕ

ಮಂಡ್ಯ ಸೀಮೆಯ ಒಂದು ಸಕ್ಕರೆ ಫ್ಯಾಕ್ಟರಿಯಲ್ಲಿ ನಾನು ಕಬ್ಬಿನ ಯಾರ್ಡಿನ ಮೇಲ್ವಿಚಾರಕ. ಯಾವ ಫ್ಯಾಕ್ಟರಿ ಎಂದು ಕೇಳಬೇಡಿ, ನಿವೃತ್ತಿಗೆ ಇನ್ನೂ ಕಾಲವಿದೆ. ಕಬ್ಬು ಹೊತ್ತ ಟ್ರ್ಯಾಕ್ಟರು ಮತ್ತು ಎತ್ತಿನಗಾಡಿಗಳು ತೂಕಕ್ಕೆ ಹೋಗುವ ತನಕ ನಿಲ್ಲುವ ಮೈದಾನವೇ ಯಾರ್ಡು. ಅಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಹೇಳುವುದು ನನ್ನ ಉದ್ಯೋಗ. ಬೈಸಿಕೊಳ್ಳುವುದು ಅದರ ಜೊತೆಗೇ ಬಂದ ಸವಲತ್ತು.

ಎರಡು ಹಂಗಾಮಿನ ಹಿಂದೆ ನಮ್ಮಲ್ಲಿಗೆ ಡಿಜಿಟಲ್ ಟ್ವಿನ್ ಆಗಮಿಸಿತು. ಅಂದರೆ ಯಾರ್ಡಿಗೊಂದು ಅವಳಿ, ಕಂಪ್ಯೂಟರಿನೊಳಗೆ. ಹೊರಗೆ ಟ್ರ್ಯಾಕ್ಟರು ಜರುಗಿದರೆ ಒಳಗೆ ಒಂದು ಚುಕ್ಕೆ ಜರುಗುತ್ತದೆ. ಅದನ್ನು ಸಿದ್ಧಪಡಿಸಲು ಬಂದ ಹೆಣ್ಣುಮಗಳು ಹಿಂದೆ ಯಾವುದೋ ಬಂದರಿನ ಕಂಟೇನರ್ ಟರ್ಮಿನಲ್‌ಗೆ ಇದೇ ಕೆಲಸ ಮಾಡಿದ್ದವಳು. ಹಡಗಿನಿಂದ ಇಳಿದ ಪೆಟ್ಟಿಗೆಯೂ ಹೊಲದಿಂದ ಬಂದ ಕಬ್ಬೂ ಕಾಯುವ ಸರಕೇ ಎಂದಳು. ಪೆಟ್ಟಿಗೆ ಒಣಗುವುದಿಲ್ಲ, ಅದಕ್ಕೆ ನೊಗವೂ ಇಲ್ಲ ಎಂದೆ. ಬರೆದುಕೊಂಡಳು. ಮೆಮೊ ಕೊಡುವುದಕ್ಕಲ್ಲದೆ ನನ್ನ ಮಾತನ್ನು ಅಲ್ಲಿ ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ಅವಳು ಈ ಅವಳಿಯ ಹನ್ನೊಂದು ಉಪಯೋಗಗಳ ಪಟ್ಟಿ ತಂದಿದ್ದಳು. ಮೊದಲ ವರ್ಷಕ್ಕೆ ಮೂರನ್ನು ಆರಿಸಬೇಕು.

"ಎಲ್ಲಾ ಒಟ್ಟಿಗೆ ಹಿಡಿದರೆ ಒಂದೂ ಆಗಲ್ಲ ಸರ್. ಯಾವುದು ನೋಡೋಕೆ ಚೆಂದ ಅಂತಲ್ಲ. ಯಾವುದರಿಂದ ಯಾರ್ಡಲ್ಲಿ ತಗೊಳ್ಳೋ ತೀರ್ಮಾನ ಬದಲಾಗುತ್ತೆ, ಯಾರ ಕಷ್ಟ ಕಮ್ಮಿಯಾಗುತ್ತೆ ಅಂತ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಿ" ಎಂದಳು.

ಎಂಟು ಜನ ಗಣ್ಯರು ಅಂಕ ಕೊಡಲು ಕುಳಿತೆವು. ನಮ್ಮಲ್ಲೊಂದು ಪದ್ಧತಿಯಿದೆ. ಜಿ.ಎಂ. ಸಾಹೇಬರು ತಮ್ಮ ಅಂಕವನ್ನು ಗಟ್ಟಿಯಾಗಿ ಹೇಳುತ್ತಾರೆ, ಆಮೇಲೆ ಮಿಕ್ಕವರು ಆಳವಾಗಿ ಯೋಚಿಸಿ ಅದನ್ನೇ ಬರೆಯುತ್ತಾರೆ. ಮೀಟಿಂಗ್ ಹಾಲಿನ ಗೋಡೆಗೆ ದೊಡ್ಡ ಪರದೆ ಹಾಕಿ ಯಾರ್ಡನ್ನು ಬಂದವರಿಗೆಲ್ಲ ತೋರಿಸುವುದಕ್ಕೆ ಹತ್ತು. ಪರದೆಯಲ್ಲಿ ಕಂಡ ಖಾಲಿ ಜಾಗ ನೋಡಿ, ಕಬ್ಬು ಕಡಿದು ತನ್ನಿ ಎಂದು ರೈತರಿಗೆ ಕಟಾವಿನ ಪರ್ಮಿಟ್ ಕೊಡುವುದಕ್ಕೆ ಒಂಬತ್ತು. ಎತ್ತಿನಗಾಡಿಗಳ ಸಾಲನ್ನೂ ಲೆಕ್ಕಕ್ಕೆ ತರುವುದಕ್ಕೆ ಎರಡು. ತಾನೆಲ್ಲಿದ್ದೇನೆಂದು ಕಂಪ್ಯೂಟರಿಗೆ ತಿಳಿಸುವ ಟ್ಯಾಗ್ ಟ್ರ್ಯಾಕ್ಟರಿಗೆ ಇದೆ, ಗಾಡಿಗಿಲ್ಲ. ಟ್ಯಾಗ್ ಇಲ್ಲದ್ದು ಪರದೆಯಲ್ಲಿ ಕಾಣುವುದಿಲ್ಲ. ಕಾಣದ್ದಕ್ಕೆ ಮಹತ್ವ ಹೇಗೆ ಬಂದೀತು?

ನಾನು ಗಾಡಿ ಸಾಲಿಗೆ ಪೆನ್ಸಿಲ್ಲಿನಲ್ಲಿ ಹತ್ತು ಎಂದು ಬರೆದುಕೊಂಡಿದ್ದೆ. ಸಾಹೇಬರ ಮಾತು ಕೇಳಿ ರಬ್ಬರಿನಿಂದ ಉಜ್ಜಿ ಎರಡು ಮಾಡಿದೆ. ಆ ಹೆಣ್ಣುಮಗಳು ಎಂಟೂ ಹಾಳೆಗಳನ್ನು ತಿರುವಿ, "ಇಷ್ಟು ಒಮ್ಮತ ಆ ಬಂದರಿನಲ್ಲೂ ನೋಡಿರಲಿಲ್ಲ" ಎಂದಳು. ಸಾಹೇಬರು ಅದನ್ನು ಹೊಗಳಿಕೆ ಎಂದು ಸ್ವೀಕರಿಸಿದರು.

ಹಂಗಾಮು ಶುರುವಾಯಿತು. ಬೇವಿನ ಮರಗಳ ಕೆಳಗೆ, ನೀರಿನ ತೊಟ್ಟಿಯ ಪಕ್ಕ, ಗಾಡಿಗಳು ನಿಲ್ಲುವ ಜಾಗ ಪರದೆಯ ಮೇಲೆ ಸದಾ ಖಾಲಿ. ಖಾಲಿ ಇದೆಯಲ್ಲ ಎಂದು ಇನ್ನಷ್ಟು ಪರ್ಮಿಟ್ ಹೋದವು. ಮಳವಳ್ಳಿ ಕಡೆಯಿಂದಲೂ ಟ್ರ್ಯಾಕ್ಟರುಗಳು ಬಂದು ಆ ನೆರಳನ್ನು ತುಂಬಿದವು. ಗಾಡಿಗಳು ಗೇಟಿನಾಚೆ ರಸ್ತೆಯ ಬಿಸಿಲಿಗೆ ಬಿದ್ದವು. ಪರ್ಮಿಟ್ ಕೊಡುವ ಆಫೀಸಿಗೆ ದಿನಕ್ಕೆರಡು ಸಲ ಫೋನ್ ಮಾಡಿದೆ. "ಪರದೆಯಲ್ಲಿ ಜಾಗ ಕಾಣ್ತಿದೆಯಲ್ರೀ" ಎಂಬ ಉತ್ತರ ದಿನಕ್ಕೆರಡು ಸಲ ಬಂತು.

ಗಾಡಿಯವರಿಗೆ ವಿಷಯ ಗೊತ್ತಾಗಲು ಹೊತ್ತಾಗಲಿಲ್ಲ.

"ಲೇ, ನಮ್ ಗಾಡಿ ಅವ್ರ ಟೀವೀಲಿ ಕಾಣಕ್ಕಿಲ್ವಂತೆ ಕಣ್ಲಾ."

"ನಿನ್ ಮಕ ಕಂಡ್ರೆ ಟೀವಿ ಕೆಟ್ಟೋಯ್ತದೆ ಅಂತ ಬುಟ್ಟವ್ರೆ ಬುಡ್ಲಾ."

ಬೆಸಗರಹಳ್ಳಿ ಕಡೆಯ ಒಬ್ಬರು ಮಾತ್ರ ನಗಲಿಲ್ಲ. ನನಗಿಂತ ನಾಲ್ಕಾರು ವರ್ಷ ಹಿರಿಯರು, ನಾನು ಕೆಲಸಕ್ಕೆ ಸೇರಿದಾಗಿನಿಂದ ಗಾಡಿಯಲ್ಲೇ ಕಬ್ಬು ತರುವವರು. ಸಾಲು ಯಾವಾಗ ಜರುಗೀತೋ ಎಂದು ನೊಗ ಬಿಚ್ಚುವಂತಿರಲಿಲ್ಲ; ಅವರ ಎಡಗಡೆಯ ಎತ್ತು ಕಾಲು ಬದಲಿಸುತ್ತಾ ನಿಂತಿತ್ತು. "ಸಾ, ನೆನ್ನೆ ಬೆಳಿಗ್ಗೆಯಿಂದ ನಿಂತವೆ. ನಮ್ಗೆ ಎಷ್ಟೊತ್ತಾದ್ರೂ ಆಗ್ಲಿ, ಇವ್ಕೆ ವಸಿ ನೆಳ್ಳು ಕೊಡ್ಸಿ" ಎಂದರು. ಕೊಡಿಸುತ್ತೇನೆ ಎಂದೆ. ಫೋನ್ ಮಾಡಲು ಒಳಗೆ ಹೋದೆ.

ಮಾತು ಮುಗಿಸಿ ಬರುವಷ್ಟರಲ್ಲಿ ಎತ್ತು ಮುಂಗಾಲು ಮಡಚಿ ಬಿದ್ದಿತ್ತು. ಅದು ಬಿದ್ದ ಎಳೆತಕ್ಕೆ ಗಾಡಿ ವಾಲಿ ಕಬ್ಬಿನ ಕಂತೆಗಳು ಗೇಟಿಗೆ ಅಡ್ಡ ಚೆಲ್ಲಿದ್ದವು. ಅವರು ನೊಗದ ಹಗ್ಗ ಕೊಯ್ದು ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಟ್ರ್ಯಾಕ್ಟರುಗಳೆಲ್ಲ ನಿಂತವು, ಪರದೆಯ ಮೇಲೆ ಚುಕ್ಕೆಗಳು ಕೆಂಪಾದವು. ಆಗ ಸಾಹೇಬರು ಓಡಿ ಬಂದರು. ಗಾಡಿಯ ದೆಸೆಯಿಂದ ಅವರು ಯಾರ್ಡಿಗೆ ಇಳಿದದ್ದು ಅವತ್ತೊಂದೇ ದಿನ.

"ಏನ್ರೀ ಇದು ಅಡ್ಡ?"

"ಎರಡು ಅಂಕದ ಬಾಬತ್ತು ಸರ್" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಪಶುವೈದ್ಯರು ಬಂದರು. ಸಂಜೆ ಹೊತ್ತಿಗೆ ಎತ್ತು ಎದ್ದಿತು, ಮೂರು ಕಾಲಿನ ಮೇಲೆ.

ಮುಂದಿನ ಸಭೆಯಲ್ಲಿ ಸಾಹೇಬರು ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಾನು, "ಗಾಡಿ ಸಾಲಿಗೆ ಹತ್ತು" ಎಂದೆ.

"ನಾನಿನ್ನೂ ಹೇಳಿಲ್ವಲ್ರೀ?"

"ಬರೆದಾಗಿದೆ ಸರ್. ಈ ಸಲ ಪೆನ್ನಿನಲ್ಲಿ."

ಪಕ್ಕದಲ್ಲಿದ್ದವರು ಮೊದಲು ಕೇಳಿದ ಅಂಕವನ್ನು ಬರೆದೇ ಅಭ್ಯಾಸವಾದವರು. ಕೈ ತಾನಾಗಿ ಹತ್ತು ಬರೆಯಿತು. ಅವರ ಪಕ್ಕದವರದ್ದೂ. ಸಾಹೇಬರು ಎಂಟು ಅಂಕಕ್ಕೆ ಒಪ್ಪಿದರು. ಗೇಟಿನಲ್ಲಿ ಗಾಡಿಯ ಮುಂದಿನ ಮೂಕಿಮರಕ್ಕೆ ಒಂದು ಟ್ಯಾಗ್ ಕಟ್ಟುವುದು, ತೂಕವಾದ ಮೇಲೆ ಬಿಚ್ಚಿಕೊಳ್ಳುವುದು. ಒಂದು ವಾರದ ಕೆಲಸ! ನೆರಳು ಗಾಡಿಗಳಿಗೆ ವಾಪಸು ಬಂತು.

ಇದನ್ನು ಹೇಳಿಬರಲು ನಾನೇ ಬೆಸಗರಹಳ್ಳಿ ಕಡೆಯ ಆ ಹಿರಿಯರ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಎತ್ತು ಮಲಗಿತ್ತು, ಮೊಣಕಾಲು ಊದಿಕೊಂಡೇ ಇತ್ತು. ಇನ್ನು ನೊಗಕ್ಕೆ ಆಗುವುದಿಲ್ಲವಂತೆ. ಜೊತೆಯ ಎತ್ತನ್ನು ಆಗಲೇ ಮಾರಿಯಾಗಿತ್ತು. ಟ್ಯಾಗಿನ ವಿಷಯವನ್ನು ಅವರು ಪೂರ್ತಿ ಕೇಳಿದರು.

"ವಾರದ ಕೆಲ್ಸ ಅಂತೀರಿ. ಮತ್ತೆ ನನ್ ಎತ್ತು ಬೀಳೋಗಂಟ ಯಾಕ್ ಸಾ ಕಾದ್ರಿ?"

ಸಮಿತಿ, ಪಟ್ಟಿ, ಆದ್ಯತೆ ಎಂದೆಲ್ಲ ಹೇಳಬಹುದಿತ್ತು. "ನಾನೂ ಎರಡೇ ಅಂಕ ಕೊಟ್ಟಿದ್ದೆ" ಎಂದೆ.

ಅವರು ನನ್ನನ್ನು ನೋಡಲಿಲ್ಲ. ಹುಲ್ಲು ತರಲು ಎದ್ದರು.